ಹದಿಹರೆಯದವರಿಗೂ ವಯಸ್ಕರಿಗೂ ಪಾಠ ಹೇಳುವುದು ಹೇಗೆ?

ಶೇಕಡಾವಾರು ಲೆಕ್ಕವನ್ನು 15 ವರ್ಷದ ಹುಡುಗಿಗೂ 45 ವರ್ಷದ ಗೃಹಸ್ಥರಿಗೂ ಕಲಿಸಬೇಕಾಗಿದೆ ಎಂದುಕೊಳ್ಳಿ. ಲೆಕ್ಕ ಒಂದೇ ಆದರೂ ತಪ್ಪಿಗೆ ಇಬ್ಬರೂ ಅಂಜುವ ಬಗೆ ಬೇರೆ. ಹುಡುಗಿಗೆ ಓರಗೆಯವರ ಎದುರು ನಗೆಪಾಟಲಾಗುವ ಭಯ. ಗೃಹಸ್ಥರಿಗೆ, ಇಷ್ಟು ವಯಸ್ಸಾದರೂ ಇದು ತಿಳಿಯದೆ ಹೋಯಿತೇ ಎಂದು ತಮ್ಮ ಕಣ್ಣಿಗೆ ತಾವೇ ಸಣ್ಣವರಾಗುವ ಭಯ. ಪಾಠದ ಸಿದ್ಧತೆ ಇಲ್ಲಿಂದಲೇ ಶುರುವಾಗಬೇಕು.

ಮೊದಲು, ಅವರು ಏಕೆ ಬಂದಿದ್ದಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ವಯಸ್ಕರ ಕಲಿಕೆಯ ಕುರಿತ ಚಿಂತನೆಯನ್ನು ಕಳೆದ ಶತಮಾನದ ಉತ್ತರಾರ್ಧದಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ಮಾಲ್ಕಮ್ ನೋಲ್ಸ್, ದೊಡ್ಡವರು ಕಲಿಯುವ ಮೊದಲು ಅದರ ಪ್ರಯೋಜನವನ್ನು ತಿಳಿಯಬಯಸುತ್ತಾರೆ, ತಮ್ಮ ಅನುಭವವನ್ನೂ ಜೊತೆಗೆ ತರುತ್ತಾರೆ ಎಂದು ಪ್ರತಿಪಾದಿಸಿದರು. ಹದಿಹರೆಯದವರು ಬಹುಪಾಲು ಬೇರೆಯವರ ನಿರ್ಧಾರದಂತೆ ತರಗತಿಯಲ್ಲಿ ಕುಳಿತಿರುತ್ತಾರೆ; ಅವರಲ್ಲಿ ಆಸಕ್ತಿ ಹುಟ್ಟಿಸುವ ಹೊಣೆ ನಮ್ಮದು.

ಎರಡನೆಯದಾಗಿ, ಪಾಠಕ್ಕೆ ತಕ್ಕ ಪ್ರವೇಶವನ್ನು ಹುಡುಕಿ. ಗೃಹಸ್ಥರಿಗೆ ಸೂತ್ರ ಬರೆದು ತೋರಿಸುವ ಬದಲು, ನೂರಕ್ಕೆ ತಿಂಗಳಿಗೆ ಎರಡರಂತೆ ಸರಳ ಬಡ್ಡಿಯಾದರೆ ವರ್ಷಕ್ಕೆ ಎಷ್ಟಾಯಿತೆಂದು ಕೇಳಿ. 24 ಎಂದು ಅವರು ಬಾಯಿಲೆಕ್ಕದಲ್ಲೇ ಹೇಳಿದಾಗ, ವರ್ಷಕ್ಕೆ ಶೇಕಡಾ 24 ಎಂದರೆ ಅದೇ ಎಂದು ತಿಳಿಸಿ. ಗೊತ್ತಿದ್ದ ವಿಷಯಕ್ಕೆ ಹೊಸ ಹೆಸರು ಸಿಕ್ಕಿತೆಂಬ ಸಮಾಧಾನವೇ ಅರ್ಧ ಅಳುಕನ್ನು ಕಳೆಯುತ್ತದೆ.

ಹುಡುಗಿಯ ತರಗತಿಯಲ್ಲಾದರೆ ಒಗಟಿನಿಂದ ಆರಂಭಿಸಿ: 80ರಲ್ಲಿದ್ದ ಮೊಬೈಲ್ ಬ್ಯಾಟರಿ 60ಕ್ಕೆ ಇಳಿದರೆ, ಇದ್ದ ಚಾರ್ಜಿನಲ್ಲಿ ಶೇಕಡಾ ಎಷ್ಟು ಖರ್ಚಾಯಿತು? ಇಪ್ಪತ್ತು ಎಂಬ ಉತ್ತರ ಥಟ್ಟನೆ ಬರುತ್ತದೆ, ಸರಿಯುತ್ತರ 25; ಇದ್ದ 80ರಲ್ಲಿ 20 ಎಂದರೆ ಕಾಲು ಭಾಗ. ಅದನ್ನು ಕೂಡಲೇ ಹೇಳಿಬಿಡದೆ, ಇಬ್ಬಿಬ್ಬರಾಗಿ ವಾದಿಸಲು ಐದು ನಿಮಿಷ ಬಿಡಿ. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆಂದು 2005ರಲ್ಲಿ ಪ್ರಕಟವಾದ, ಮನೋವಿಜ್ಞಾನಿಗಳಾದ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಅವರ ಪ್ರಯೋಗ ತೋರಿಸಿತ್ತು. ಓರಗೆಯವರ ಆ ಸೆಳೆತವನ್ನು ಶಿಸ್ತಿನ ಸಮಸ್ಯೆಯೆಂದು ಅದುಮುವುದಕ್ಕಿಂತ ಕಲಿಕೆಯತ್ತ ತಿರುಗಿಸುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವೇಗದ ವಿಚಾರದಲ್ಲೂ ಎಚ್ಚರವಿರಲಿ. ವಯಸ್ಸಾದಂತೆ ಹೊಸದನ್ನು ಗ್ರಹಿಸುವ ವೇಗ ತಗ್ಗಿದರೂ ಪದಸಂಪತ್ತು ಮತ್ತು ಲೋಕಜ್ಞಾನ ಬಹುಕಾಲ ಬೆಳೆಯುತ್ತಲೇ ಇರುತ್ತವೆ. ಆದ್ದರಿಂದ ದೊಡ್ಡವರಿಗೆ ಸಮಯ ಹೆಚ್ಚು ಕೊಡಬೇಕೇ ಹೊರತು ವಿಷಯವನ್ನು ತೆಳುವಾಗಿಸಬಾರದು. ಹರೆಯದಲ್ಲಿ ನಿದ್ದೆಯ ಹೊತ್ತು ಸಹಜವಾಗಿಯೇ ತಡರಾತ್ರಿಯತ್ತ ಸರಿಯುವುದರಿಂದ, ಸಾಧ್ಯವಾದರೆ ಮಕ್ಕಳಿಗೆ ಕಠಿಣ ಪಾಠವನ್ನು ಬೆಳಗಿನ ಮೊದಲ ಅವಧಿಗೆ ಇಡಬೇಡಿ.

ಕೊನೆಯದಾಗಿ, ಕಲಿತದ್ದು ಉಳಿಯಬೇಕಾದರೆ ಒಂದೆರಡು ದಿನ ಬಿಟ್ಟು, ಪುಸ್ತಕ ಮುಚ್ಚಿಸಿ ನೆನಪಿನಿಂದ ಉತ್ತರಿಸಲು ಹೇಳಬೇಕು. ಇದು ಎರಡೂ ವಯಸ್ಸಿನವರಿಗೆ ಅಗತ್ಯ. ಆದರೆ ತಿದ್ದುವ ಕ್ರಮ ಬೇರೆಯಾಗಿರಲಿ. ಮಕ್ಕಳಿಂದ ಹೆಸರಿಲ್ಲದ ಚೀಟಿಗಳಲ್ಲಿ ಉತ್ತರ ಬರೆಸಿಕೊಂಡು, ಯಾರದೆಂದು ತಿಳಿಯದಂತೆ ಒಂದು ತಪ್ಪನ್ನು ಕಪ್ಪುಹಲಗೆಯ ಮೇಲೆ ಬರೆದು, ಎಲ್ಲರೂ ಸೇರಿ ತಿದ್ದಲಿ. ಗೃಹಸ್ಥರ ಪಕ್ಕದಲ್ಲಿ ಕುಳಿತು, “ಈ ಉತ್ತರ ನಿಮಗೆ ಹೇಗೆ ಬಂತು, ಹೇಳಿ” ಎಂದು ಕೇಳಿ, ನಡುವೆ ಬಾಯಿಹಾಕದೆ ಕಾಯಿರಿ. ವಿವರಿಸುತ್ತಾ ಹೋದಂತೆ ಎಷ್ಟೋ ಸಲ ಅವರೇ ತಪ್ಪಿದ ಸಾಲಿನ ಮೇಲೆ ಬೆರಳಿಟ್ಟು ನಿಲ್ಲುತ್ತಾರೆ.