ಅಸಲ್ ಉತ್ತರ್ ಕದನವನ್ನು ನಾನು ಮಕ್ಕಳಿಗೆ ಹೇಳುವ ಬಗೆ

ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. 1965ರ ಭಾರತ–ಪಾಕಿಸ್ತಾನ ಯುದ್ಧ ಬಂದಾಗ ದಂಡನಾಯಕರ ಹೆಸರುಗಳಿಂದ ಶುರು ಮಾಡುವುದಿಲ್ಲ. ನೆಲ ಗೊತ್ತಿಲ್ಲದೆ ಹೆಸರು ಕಲಿತರೆ ಪರೀಕ್ಷೆ ಮುಗಿಯುವ ತನಕ ಮಾತ್ರ ಉಳಿಯುತ್ತದೆ.

ಮೊದಲು ಮೈದಾನದಲ್ಲಿ ಸುಣ್ಣದ ಪುಡಿಯಿಂದ ರಾವಿ, ಬಿಯಾಸ್, ಸಟ್ಲೆಜ್ ನದಿಗಳನ್ನು ಎಳೆಯುತ್ತೇವೆ. ಲಾಹೋರಿನ ಮುಂದೆ ಇಚೋಗಿಲ್ ಕಾಲುವೆ, ಅಮೃತಸರದ ದಕ್ಷಿಣಕ್ಕೆ ಖೇಮ್ ಕರಣ್, ಗಡಿಗೆ ಒಂದು ಹಗ್ಗ. ಮಳೆ ಹಿಡಿದ ದಿನ ಇದೆಲ್ಲ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ. ಆಮೇಲೆ ಮಕ್ಕಳನ್ನು ಒಂದೊಂದು ಕಡೆ ನಿಲ್ಲಿಸಿ ಕೇಳುತ್ತೇನೆ: ಆ ಬೆಳಿಗ್ಗೆ ಇಲ್ಲಿದ್ದ ಅಧಿಕಾರಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ?

ಜಮ್ಮುವಿನ ಗಡಿಯ ಛಂಬ್ ಕದನ ಬೇಗ ಮುಗಿಯುತ್ತದೆ. ಸೆಪ್ಟೆಂಬರ್ 1ಕ್ಕೆ ಪಾಕಿಸ್ತಾನ ಅಖ್ನೂರ್ ಸೇತುವೆಯ ಕಡೆ ನುಗ್ಗಿತು. ಮರುದಿನವೇ ಆ ದಾಳಿಯ ಹೊಣೆ ಪಾಕಿಸ್ತಾನದ ದಂಡನಾಯಕ ಅಖ್ತರ್ ಹುಸೇನ್ ಮಲಿಕ್ ಅವರ ಕೈಯಿಂದ ಯಾಹ್ಯಾ ಖಾನ್ ಕೈಗೆ ಹೋಯಿತು. ನಡುದಾಳಿಯಲ್ಲಿ ದಂಡನಾಯಕ ಬದಲಾದರೆ ಏನಾಗುತ್ತದೆಂದು ಮಕ್ಕಳೇ ವಾದ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇನೆ. 6ನೇ ತಾರೀಖು ಭಾರತ ಲಾಹೋರ್ ಕಡೆ ಅಂತರರಾಷ್ಟ್ರೀಯ ಗಡಿ ದಾಟಿತು. ಆ ಇಡೀ ಪಶ್ಚಿಮ ಕಮಾಂಡಿನ ಹೊಣೆ ಹರಬಕ್ಷ್ ಸಿಂಗ್ ಅವರದು.

ನಾನು ಹೆಚ್ಚು ಹೊತ್ತು ನಿಲ್ಲುವುದು ಖೇಮ್ ಕರಣ್ ಬಳಿಯ ಹಳ್ಳಿ ಅಸಲ್ ಉತ್ತರ್‌ನಲ್ಲಿ. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್, ಅಂದರೆ ಟ್ಯಾಂಕು ಪಡೆ, ಗಡಿಯಾಚೆಯ ಕಸೂರಿನಿಂದ ಹೊರಟದ್ದು ಬಿಯಾಸ್ ಸೇತುವೆ ಹಿಡಿದು ಅಮೃತಸರವನ್ನು ಕತ್ತರಿಸಲು. ಎದುರಿಗಿದ್ದದ್ದು ಮೇಜರ್ ಜನರಲ್ ಗುರ್‌ಬಕ್ಷ್ ಸಿಂಗ್ ಅವರ 4ನೇ ಮೌಂಟನ್ ಡಿವಿಷನ್, ಬ್ರಿಗೇಡಿಯರ್ ತ್ಯಾಗರಾಜ್ ಅವರ ಟ್ಯಾಂಕ್ ಬ್ರಿಗೇಡ್. ಅವರ ಪ್ಯಾಟನ್ ಟ್ಯಾಂಕುಗಳ ಮುಂದೆ ನಮ್ಮ ಶೆರ್ಮನ್ ಟ್ಯಾಂಕುಗಳು ಹಳೆಯವು. ಆದ್ದರಿಂದ ಹಿಂದೆ ಸರಿದು ಕುದುರೆ ಲಾಳದ ಆಕಾರದಲ್ಲಿ ಕಾದು ಕೂತರು, ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು.

ಇಲ್ಲಿಗೆ ಬಂದಾಗ ಮಕ್ಕಳನ್ನು ಬೇಲಿಯಾಚೆ ನಾಟಿಗೆ ಹದ ಮಾಡಿದ ಗದ್ದೆಯ ಅಂಚಿಗೆ ಕರೆದೊಯ್ಯುತ್ತೇನೆ. ಪ್ಯಾಟನ್ ತೂಕ 40 ಟನ್‌ಗೂ ಹೆಚ್ಚು ಎಂದರೆ ಸಾಕು. "ಇದ್ರಲ್ಲಿ ಟಿಲ್ಲರೇ ಹೂತು ಹೋಗತ್ತೆ ಸರ್!" ಎನ್ನುತ್ತಾರೆ. ಕೆಸರು ತಪ್ಪಿಸಲು ಟ್ಯಾಂಕು ತಿರುಗಿದರೆ ಅದರ ಪಕ್ಕ, ಅಂದರೆ ತೆಳು ಉಕ್ಕು, ಕಬ್ಬಿನ ಮರೆಯಲ್ಲಿದ್ದವರಿಗೆ ಕಾಣುತ್ತದೆ ಎಂಬುದನ್ನು ಅವರೇ ಹೇಳಿಬಿಡುತ್ತಾರೆ. ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಹೊಡೆದು 10ನೇ ತಾರೀಖು ಹುತಾತ್ಮರಾದ ಹವಾಲ್ದಾರ್ ಅಬ್ದುಲ್ ಹಮೀದ್ ಹೆಸರನ್ನು ಆಗ ಮಾತ್ರ ಹೇಳುತ್ತೇನೆ. ಅವರಿಗೆ ಪರಮವೀರ ಚಕ್ರ ಬಂತು. ಹಿಡಿದ ಟ್ಯಾಂಕುಗಳನ್ನು ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಎಂದೇ ಹೆಸರಾಯಿತು.

ಗೆದ್ದವರ ಲೆಕ್ಕ ಒಂದೇ ಸಾಲದು ಎನ್ನುವುದಕ್ಕೆ ವಾಯುಪಡೆಯ ಪೈಲಟ್, ಕೊಡಗಿನ ಅಜ್ಜಮಾಡ ದೇವಯ್ಯ ಅವರನ್ನು ತರುತ್ತೇನೆ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಕೆಡವಿ ಅವರು ಮರಳಲಿಲ್ಲ. ಅವರು ಮಾಡಿದ್ದೇನೆಂದು ನಮಗೆ ತಿಳಿದದ್ದು ಪಾಕಿಸ್ತಾನದ ಕಡೆಯ ವಿವರ ಹೊರಬಂದ ಮೇಲೆ. ಮಹಾವೀರ ಚಕ್ರ 1988ರಲ್ಲಿ ಬಂತು. ಅದಕ್ಕೇ ಕೊನೆಯಲ್ಲಿ ಒಂದು ಗುಂಪು ಕಸೂರಿನ ಕಡೆ ನಿಂತು ಅಸಲ್ ಉತ್ತರ್ ಕದನದ ಅದೇ ಮೂರು ದಿನಗಳನ್ನು, ಸೆಪ್ಟೆಂಬರ್ 8ರಿಂದ 10ರವರೆಗೆ, ಬರೆಯಬೇಕು.