ಶಿಡ್ಲಘಟ್ಟದ ತಾರಸಿಯಲ್ಲಿ ಸ್ಟೀವಿಯಾ: ನನ್ನ ಅನುಭವ

ಸ್ಟೀವಿಯಾ ಅಂದರೆ ಸಕ್ಕರೆಯ ಬದಲು ಬಳಸುವ ಸಿಹಿ ಎಲೆಯ ಗಿಡ. ನಮ್ಮ ಬಿಸಿಲಿಗೆ ಈ ಗಿಡ ನಿಲ್ಲಲ್ಲ ಅಂತ ಹೇಳಿದವರೇ ಈಗ ನೆಡಲು ಕಡ್ಡಿ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆದಿಡೋಣ ಅನ್ನಿಸಿತು.

ಬೀಜದ ತಂಟೆಗೆ ಹೋಗಲೇಬೇಡಿ. ಪೊಟ್ಟಣಗಟ್ಟಲೆ ಹಾಕಿದರೂ ಹುಟ್ಟಿದ್ದು ಬೆರಳೆಣಿಕೆಯಷ್ಟು, ಅವೂ ಬದುಕಲಿಲ್ಲ. ಆಮೇಲೆ ಗಿಡಕ್ಕೆ 50 ರೂಪಾಯಿಯ ಹಾಗೆ ಒಂದು ಡಜನ್ ತಂದೆ. ಮಳೆಗಾಲದಲ್ಲಿ ಕೆಂಪು ಮಣ್ಣಿನಲ್ಲಿ ನೀರು ನಿಂತು ಬುಡ ಕಪ್ಪಗಾಯಿತು. ಮುಟ್ಟಿದರೆ ಕಾಂಡ ಕೈಗೇ ಬರುತ್ತಿತ್ತು. ಉಳಿದದ್ದು ಎರಡೇ. ಪಾಟು, ಗೊಬ್ಬರ ಸೇರಿ 1500ರ ಮೇಲೆ ಹೋಗಿತ್ತು. "ಆ ದುಡ್ಡಿಗೆ ವರ್ಷದ ಸಕ್ಕರೆ ಬರ್ತಿತ್ತಲ್ಲಮ್ಮ" ಅಂದರು ಅತ್ತೆ. ಶುಗರ್ ಇರುವುದು ಅವರಿಗೇ!

ಆ ಎರಡರಿಂದಲೇ ಈಗಿನ ಮೂವತ್ತು ಚಿಲ್ಲರೆ ಗಿಡ ಆಗಿರುವುದು. ನಮ್ಮದು ರೇಷ್ಮೆಯ ಊರು, ಹುಳುವಿನ ಮೇವಿಗೆ ಹಿಪ್ಪುನೇರಳೆ ನೆಟ್ಟ ಕೈಗಳು ಬಲಿತ ಕಡ್ಡಿಯನ್ನೇ ಹುಡುಕುತ್ತವೆ. ಇದಕ್ಕೆ ಎಳೆ ತುದಿ ಬೇಕು, ಅರ್ಧ ಗೇಣು ಸಾಕು. ಮಣ್ಣು, ಮರಳು, ಎರೆಗೊಬ್ಬರ ಸಮಸಮ. ನೆರಳಿನಲ್ಲಿಟ್ಟರೆ ಮೂರು ವಾರದ ಹೊತ್ತಿಗೆ ಬೇರು ಬಿಡುತ್ತದೆ. ಕಡ್ಡಿಯ ಬುಡಕ್ಕೆ ನಾನು ಹಚ್ಚುವುದೊಂದಿದೆ, ಅಡುಗೆಮನೆಯದ್ದೇ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮಾರ್ಚ್‌ನಿಂದ ಮಳೆ ಬರುವ ತನಕ ಶೇಡ್ ನೆಟ್ ಕಟ್ಟುತ್ತೇನೆ.

ನಿಜವಾದ ತಲೆನೋವು ಹೂವಿನದ್ದು. ಹಗಲು 13 ಗಂಟೆಗಿಂತ ಕಮ್ಮಿ ಇದ್ದರೆ ಸ್ಟೀವಿಯಾ ಹೂವಿಗೆ ಹೊರಡುತ್ತದೆ. ನಮ್ಮಲ್ಲಿ ಜೂನ್‌ನಲ್ಲೂ ಹಗಲು ಅಷ್ಟು ಉದ್ದ ಆಗುವುದಿಲ್ಲ. ಹೂವು ಬಿಟ್ಟರೆ ಎಲೆಯ ಸಿಹಿ ಇಳಿಯುತ್ತದೆ. ಹಾಗಾಗಿ ಜೋಳದ ಕಾಳಿನ ಗಾತ್ರದ ಮೊಗ್ಗು ಕಂಡ ತಕ್ಷಣ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿಬಿಡುತ್ತೇನೆ. ಮತ್ತೆ ಚಿಗುರುತ್ತದೆ.

ಒಣಗಿಸಲು ಬಿದಿರು ತಟ್ಟೆ ಒಳ್ಳೆಯದು. ಆದರೆ ರೇಷ್ಮೆ ಹುಳು ಸಾಕಿದ ತಟ್ಟೆ ಬೇಡ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಹೊಸದನ್ನೇ ತನ್ನಿ. ಒಂದೇ ಪದರ ಹರವಿ, ಒಂದೆರಡು ದಿನದಲ್ಲಿ ಗರಿಗರಿ ಆಗಬೇಕು. ನಿಧಾನವಾದರೆ ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಜಿ ಹಸಿ ಎಲೆಗೆ 200 ಗ್ರಾಂ ಆಸುಪಾಸು ಸಿಗುತ್ತದೆ.

ಅಂಗಡಿಯ ಬಿಳಿ ಪುಡಿ ಎಲೆಯಿಂದ ಬೇರ್ಪಡಿಸಿ ತೆಗೆದದ್ದು, ಸಕ್ಕರೆಗಿಂತ 200-300 ಪಟ್ಟು ಸಿಹಿ. ಒಣ ಎಲೆಯನ್ನೇ ಪುಡಿ ಮಾಡಿದ ನಮ್ಮ ಹಸಿರು ಪುಡಿಯಿಂದ ಅಷ್ಟು ಸಿಹಿ ನಿರೀಕ್ಷಿಸಬೇಡಿ. ಲೋಟ ಟೀಗೆ ಕಾಲು ಚಮಚ ಹಾಕಿ ಕುದಿಸಿ ಸೋಸಿ. ಜಾಸ್ತಿಯಾದರೆ ಕಹಿ ನಾಲಿಗೆಯಲ್ಲೇ ಕೂರುತ್ತದೆ. ಅತ್ತೆ ಈಗ ಎರಡು ಹೊತ್ತೂ ಇದನ್ನೇ ಕುಡಿಯುತ್ತಾರೆ. ಮಾತ್ರೆ ಬಿಟ್ಟಿಲ್ಲ, ನೀವೂ ಬಿಡಿಸಬೇಡಿ.

ಸುಮ್ನೆ ಒಂದಿಷ್ಟು ಪ್ರಯೋಗವನ್ನೂ ಮಾಡಿದೆ. ಕಡಲೆಬೀಜದ ಚಿಕ್ಕಿ ಆಗಲಿಲ್ಲ, ಸಕ್ಕರೆ ಬೆಲ್ಲ ಇಲ್ಲದೆ ಪಾಕ ಎಲ್ಲಿಂದ ಬರಬೇಕು ಅಲ್ವಾ? ಹೋಳಿಗೆ ಹೂರಣ ಹಸಿರಾಗಿ, ಮಕ್ಕಳು ಮೂಸಿಯೂ ನೋಡಲಿಲ್ಲ. ರಾಗಿ ಮಾಲ್ಟ್‌ಗೆ ಮಾತ್ರ ಚೆನ್ನಾಗಿ ಹೊಂದುತ್ತದೆ, ಬಣ್ಣ ಗೊತ್ತೇ ಆಗುವುದಿಲ್ಲ. ಸ್ವಲ್ಪ ಏಲಕ್ಕಿ ಬಿದ್ದರೆ ಎಲೆಯ ಹಸಿ ವಾಸನೆಯೂ ಇರುವುದಿಲ್ಲ.