ಹೊಸ ಲೋಕಸಭಾ ಕ್ಷೇತ್ರದ ಹಳೆ ಮತಗಳನ್ನು ಲೆಕ್ಕ ಹಾಕುವುದು ಹೇಗೆ

ಗಡಿ ಬದಲಾಗಿ ಹುಟ್ಟಿದ ಲೋಕಸಭಾ ಕ್ಷೇತ್ರಕ್ಕೆ ಹಿಂದಿನ ಫಲಿತಾಂಶ ಇರುವುದಿಲ್ಲ, ಆದರೆ ಮತದಾರರು ಹಳಬರೇ. ಅವರು ಬೇರೆ ಬೇರೆ ಕ್ಷೇತ್ರಗಳಲ್ಲಿ ಹಾಕಿದ ಮತಗಳನ್ನು ಹೊಸ ಗಡಿಯೊಳಗೆ ಕೂಡಿಸಿದರೆ ಅಂದಾಜು ಸಿಗುತ್ತದೆ. 2008ರ ಪುನರ್ವಿಂಗಡಣೆಯಲ್ಲಿ ಹುಟ್ಟಿ 2009ರಲ್ಲಿ ಮೊದಲ ಚುನಾವಣೆ ಕಂಡ ಉಡುಪಿ-ಚಿಕ್ಕಮಗಳೂರನ್ನೇ ಉದಾಹರಣೆಗೆ ಹಿಡಿಯೋಣ.

ಮೊದಲು ಪುನರ್ವಿಂಗಡಣೆ ಆದೇಶ ತೆಗೆದುಕೊಳ್ಳಿ. ಜಿಲ್ಲೆಯ ನಕ್ಷೆ ನಂಬಿ ಕೂತರೆ ಆರಂಭದಲ್ಲೇ ಎಡವುತ್ತೀರಿ. ಇಲ್ಲಿ ಎರಡೂ ಜಿಲ್ಲೆಗಳಿಂದ ಒಂದೊಂದು ವಿಧಾನಸಭಾ ಕ್ಷೇತ್ರ ಹೊರಗಿದೆ: ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ. ಒಳಗಿರುವವು ಎಂಟು. ಘಟ್ಟದ ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ.

ಸುಲಭದ ದಾರಿ 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಅದು ಹೊಸ ಗಡಿಯಲ್ಲೇ ನಡೆದದ್ದರಿಂದ ಎಂಟು ಫಲಿತಾಂಶ ಕೂಡಿಸಿದರೆ ಮುಗಿಯಿತು. ಆದರೆ ಶಾಸಕರ ಚುನಾವಣೆಯಲ್ಲಿ ಊರಿನ ಅಭ್ಯರ್ಥಿಯ ಮುಖ ನೋಡಿ ಬಿದ್ದ ಮತ ಲೋಕಸಭೆಗೂ ಹಾಗೇ ಬೀಳುತ್ತದೆಂದು ಎಣಿಸಬೇಡಿ. ಅದಕ್ಕೇ 2004ರ ಲೋಕಸಭಾ ಲೆಕ್ಕವೂ ಬೇಕು.

ನಿಜವಾದ ಕೆಲಸ ಇಲ್ಲಿದೆ. 2004ರದ್ದು ಹಳೆ ಗಡಿ. ಬ್ರಹ್ಮಾವರ, ಬೀರೂರು ವಿಧಾನಸಭಾ ಕ್ಷೇತ್ರಗಳು ಆಗ ಇದ್ದವು, 2008ರಲ್ಲಿ ಇಲ್ಲವಾದವು. ಹೆಸರು ಉಳಿದ ಕಡೆಯೂ ಗಡಿ ಅದೇ ಇದೆ ಎಂದುಕೊಳ್ಳಬಾರದು. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಆದ್ದರಿಂದ ಬೂತಿನ ಮಟ್ಟಕ್ಕೆ ಇಳಿಯಿರಿ. ಬೂತ್‌ವಾರು ಮತ ಸಿಗುವುದು ನಮೂನೆ 20ರಲ್ಲಿ, ಅಂದರೆ ಚುನಾವಣಾಧಿಕಾರಿಯ ಅಂತಿಮ ಫಲಿತಾಂಶ ಪಟ್ಟಿಯಲ್ಲಿ. ಯಾವ ಬೂತಿಗೆ ಯಾವ ಊರು ಎಂಬುದು ಮತಗಟ್ಟೆ ಪಟ್ಟಿಯಲ್ಲಿ. ಹಾಳೆಯಲ್ಲಿ ಹಳೆ ಕ್ಷೇತ್ರ, ಬೂತ್ ಸಂಖ್ಯೆ, ಗ್ರಾಮ, ಹೊಸ ಕ್ಷೇತ್ರ, ಪಕ್ಷವಾರು ಮತ ಎಂದು ಅಂಕಣ ಮಾಡಿ. ಹೊಂದಿಸುವುದು ಗ್ರಾಮದ ಹೆಸರಿನಿಂದ, ಬೂತ್ ಸಂಖ್ಯೆಯಿಂದಲ್ಲ: ಮತದಾರರು ಹೆಚ್ಚಾದ ಬೂತನ್ನು ಒಡೆದಾಗ ಮುಂದಿನ ಸಂಖ್ಯೆಗಳೆಲ್ಲ ಜಾರಿಬಿಡುತ್ತವೆ. ಒಂದೇ ಬೂತು ಎರಡು ಹೊಸ ಕ್ಷೇತ್ರಗಳಿಗೆ ಹರಿದಿದ್ದರೆ ಎರಡೂ ಕಡೆಯ ಮತದಾರರ ಅನುಪಾತದಲ್ಲಿ ಮತ ಹಂಚಿ, ಆ ಸಾಲಿಗೆ ಗುರುತು ಹಾಕಿಡಿ.

ಇನ್ನೂ ಹಿಂದಕ್ಕೆ ಹೋಗುವುದು ಕಷ್ಟ. ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಮತ ಬೆರೆಸಿ ಎಣಿಸುವ ಪದ್ಧತಿಯೂ ಇತ್ತು.

ಲೋಕಸಭಾ ಚುನಾವಣೆಯ ಅಂಚೆ ಮತಗಳು ಬೂತಿನ ಲೆಕ್ಕಕ್ಕೆ ಸೇರಿರುವುದಿಲ್ಲ. ಬೂತುಗಳ ಮೊತ್ತ ಘೋಷಿತ ಫಲಿತಾಂಶಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಮೊದಲು ಅದನ್ನು ನೋಡಿ, ಆಮೇಲೆ ಕೂಡುವ ತಪ್ಪು ಹುಡುಕಿ.

ಮತದಾರರ ಸಂಖ್ಯೆಗೂ ಒಂದು ಒರೆಗಲ್ಲು ಇದೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಪುರುಷರಿಗೆ 1094 ಮಹಿಳೆಯರು. ದುಡಿಯಲು ಮುಂಬಯಿ, ಗಲ್ಫ್ ಎಂದು ಹೊರಟ ಗಂಡಸರ ಊರು ಇದು. ಕರಾವಳಿಯ ನಾಲ್ಕು ಕ್ಷೇತ್ರಗಳಲ್ಲಿ ಪುರುಷ ಮತದಾರರೇ ಹೆಚ್ಚು ಬಂದರೆ ನಿಮ್ಮ ಅಂಕಣಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಇಷ್ಟಾದರೂ ಬರುವ ಸಂಖ್ಯೆ ಭವಿಷ್ಯವಾಣಿಯಲ್ಲ. 2009ರಲ್ಲಿ ಇಲ್ಲಿ ಬಿಜೆಪಿಯ ಡಿ.ವಿ. ಸದಾನಂದ ಗೌಡ ಗೆದ್ದರು. ಅವರು ಮುಖ್ಯಮಂತ್ರಿಯಾಗಿ ತೆರವಾದ ಸ್ಥಾನವನ್ನು 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆ ಗೆದ್ದುಕೊಂಡರು. ಲೆಕ್ಕ ಪ್ರಕಟಿಸುವಾಗ ಅನುಪಾತದಲ್ಲಿ ಹಂಚಿದ ಮತ ಎಷ್ಟು, ಯಾವ ಗ್ರಾಮಕ್ಕೂ ಹೊಂದದೆ ಉಳಿದ ಮತ ಎಷ್ಟು ಎಂಬುದನ್ನು ಕೆಳಗೆ ಬರೆಯಿರಿ. ಉಳಿದದ್ದು ಗೆಲುವಿನ ಅಂತರಕ್ಕಿಂತ ದೊಡ್ಡದಿದ್ದರೆ ಗೆದ್ದವರ ಹೆಸರು ಹಾಕಲೇಬೇಡಿ.